ಎರಡನೇ ಅಕ್ಷರ

೧೨ ಜೂನ್ ೨೦೦೪, ಶನಿವಾರ

ಮಧ್ಯಾಹ್ನ ಅಂಗಡಿಗೆ ಮಂಚಯ್ಯ ಬಂದಿದ್ದ. ಒಂಬತ್ತು ವರ್ಷದ ಮೇಲೆ. ಮೊದಲು ಗುರುತೇ ಸಿಗಲಿಲ್ಲ. ತಲೆಯ ಮೇಲಿದ್ದ ಕೂದಲೆಲ್ಲ ಮೀಸೆಗೆ ಇಳಿದಿದೆ. ಚನ್ನರಾಯಪಟ್ಟಣದ ಹತ್ತಿರದ ಶಾಲೆಯೊಂದರಲ್ಲಿ ಮೇಷ್ಟರಂತೆ ಈಗ. ನನ್ನ ಜೆರಾಕ್ಸ್ ಯಂತ್ರದ ಪಕ್ಕದಲ್ಲಿ ಒಂದು ಸ್ಟೀಲಿನ ಊಟದ ಡಬ್ಬಿ ಇಟ್ಟ. ಊಟಕ್ಕೆ ಕರೆಯುತ್ತಿದ್ದಾನೇನೋ ಅಂದುಕೊಂಡೆ. ಮುಚ್ಚಳ ತೆಗೆದರೆ ಒಳಗೆ ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ಒಂದು ಫ್ಲಾಪಿ. ಮೇಲೆ ನನ್ನದೇ ಕೈಬರಹ: ಹೊನ್ನಕ್ಕನ ಹಾಡುಗಳು, ೪೨. ೧೯೯೫.

“ನೆನಪೈತಾ ಮೇಡಂ? ನಮ್ಮವ್ವನ ಆಡು.”

“ಹಾಡು,” ಅಂದೆ. ಇಪ್ಪತ್ತು ವರ್ಷ ಕನ್ನಡ ಟೈಪಿಂಗ್ ಕಲಿಸಿದ ಬಾಯಿ, ಸುಮ್ಮನಿರುವುದಿಲ್ಲ.

“ಅದೇ ಮೇಡಂ, ಹಾಡು.” ನಕ್ಕ. ಆಮೇಲೆ ನಗು ನಿಲ್ಲಿಸಿ ವಿಷಯ ಹೇಳಿದ. ಅವನ ತಾಯಿ ಹೊನ್ನಕ್ಕನಿಗೆ ಎಪ್ಪತ್ತೆಂಟಾಯಿತು. ಮರೆವು. ಮೊಮ್ಮಗಳು ರಂಜಿನಿ ಹಾಡು ಕಲಿಯುತ್ತೇನೆಂದು ಎದುರಿಗೆ ಕೂರುತ್ತಾಳೆ. “ಎರಡು ಸಾಲು ಬತ್ತದೆ ಮೇಡಂ. ಮೂರನೇದು ನಿಂತೋಯ್ತದೆ. ಆಮೇಲೆ ಅಳ್ತದೆ. ಅತ್ತು ಸುಮ್ನಾಗಿ, ‘ಓಗ್ಲಿ ಬುಡು, ಪೆಟ್ಟಿಗೇಲಿ ಮಡಗಿದ್ದೀನಲ್ಲ, ಸುಬ್ಬಮ್ಮವ್ವನ ತಾವ ಈಸ್ಕೊಂಡ್ ಬಾ’ ಅಂತದೆ. ದಿನಾ ಇದೇ.”

ಪೆಟ್ಟಿಗೆ ಎಂದರೆ ಕಂಪ್ಯೂಟರು, ಸುಬ್ಬಮ್ಮವ್ವ ಎಂದರೆ ನಾನು. ಕಾಗದದ ಮೇಲೆ ತೆಗೆದಿದ್ದ ಒಂದೇ ಪ್ರತಿಯನ್ನು ಅವರ ಮನೆಯ ಗೆದ್ದಲು ಓದಿ ಮುಗಿಸಿದೆ. ಉಳಿದಿರುವುದು ಈ ಫ್ಲಾಪಿ.

ಹಾಕಿದೆ. ಯಂತ್ರ ಗೊರಗೊರ ಎಂದು ಕಡೆಗೂ ಓದಿತು. ಪರದೆಯ ಮೇಲೆ ಕನ್ನಡ ಬರಲಿಲ್ಲ. ಟೋಪಿ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳು, ಪೌಂಡಿನ ಗುರುತು, ಡಿಗ್ರಿಯ ಸೊನ್ನೆ, ಬಾಲ ಮುರಿದ ಗೆರೆಗಳು. ಮಂಚಯ್ಯ ನನ್ನ ಮುಖ ನೋಡಿದ. ಸೋಮವಾರ ಹೇಳ್ತೀನಿ ಅಂದೆ. ಯಾವ ಸೋಮವಾರ ಅನ್ನಲಿಲ್ಲ.

ಫ್ಲಾಪಿಯೊಳಗೆ ಹಾಡಿತ್ತು, ಬಿಚ್ಚಿದರೆ ಬರೀ ಕಾಡಿತ್ತು.

೧೩ ಜೂನ್, ಭಾನುವಾರ

ಬೆಳಗಿನಿಂದ ಆ ಹಳೇ ಅಂಗಡಿಯದೇ ಯೋಚನೆ. ಕೋಟೆಯ ಬೀದಿಯಲ್ಲಿ, ನಾನು ಟೈಪಿಂಗ್ ಕೆಲಸಕ್ಕಿದ್ದ ಯೋಗಾನರಸಿಂಹರ ಮುದ್ರಣದಂಗಡಿ. ಊರಿಗೆ ಬಂದ ಮೊದಲ ಕಂಪ್ಯೂಟರುಗಳಲ್ಲಿ ಒಂದು ಅಲ್ಲಿತ್ತು. ಅದಕ್ಕೆ ಸೆಕೆಯಾಗುತ್ತದೆಂದು ಫ್ಯಾನು, ನಮಗೆ ಬೀಸಣಿಗೆ. ಚಪ್ಪಲಿ ಹೊರಗೆ ಬಿಟ್ಟು ಕೈ ತೊಳೆದು ಮುಟ್ಟಬೇಕಿತ್ತು. ದೇವರಿಗೂ ಅಷ್ಟು ಮಡಿ ಮಾಡಿದವಳಲ್ಲ ನಾನು.

ಯೋಗಾನರಸಿಂಹರು ರುದ್ರಪಟ್ಟಣದವರು. ಮನೆಮಂದಿಯೆಲ್ಲ ಹಾಡುವವರು; ಇವರೊಬ್ಬರಿಗೆ ಶ್ರುತಿ ಕೂರದೆ ಅಕ್ಷರ ಕೂರಿಸಲು ಹೊರಟರು. ಮಾರುಕಟ್ಟೆಯಲ್ಲಿದ್ದ ಕನ್ನಡ ಅಕ್ಷರಗಳೆಲ್ಲ ಹೊಟ್ಟೆಗಿಲ್ಲದವರ ಹಾಗಿವೆ ಎಂದು ಬೈದು, ಒಂದು ವರ್ಷ ಕೂತು ತಾವೇ ಒಂದು ಫಾಂಟು ಬರೆದರು. ದುಂಡಗೆ, ಹೋಳಿಗೆ ತಿಂದ ಅಕ್ಷರ. ನಾನು ಯಾವ ಕೀಲಿ ಒತ್ತಿದರೆ ಯಾವ ಅಕ್ಷರ ಎಂಬುದು ನನ್ನ ಬೆರಳಿಗೆ ಗೊತ್ತಿತ್ತು. ಒಳಗೆ ಅದಕ್ಕೆ ಯಾವ ಸಂಖ್ಯೆ ಕೊಟ್ಟಿದ್ದಾರೆ ಎಂಬುದು ಅವರಿಗೊಬ್ಬರಿಗೇ ಗೊತ್ತು. ೯೭ರಲ್ಲಿ ಅಂಗಡಿ ಮುಚ್ಚಿತು, ಯಂತ್ರ ಗುಜರಿಗೆ ಹೋಯಿತು, ಮೂರು ವರ್ಷದ ಹಿಂದೆ ಅವರೂ ಹೋದರು.

ಹೊನ್ನಕ್ಕ ಒಂದು ವಾರ ದಿನಾ ಅರಕಲಗೂಡಿನ ಬಸ್ಸಿಗೆ ಬರುತ್ತಿದ್ದಳು. ನಾಟಿಯ ಕೂಲಿ ಬಿಟ್ಟು. ಕುರ್ಚಿ ಕೊಟ್ಟರೂ ನೆಲದ ಮೇಲೆ ಕೂತು, ಕಂಪ್ಯೂಟರಿನ ಕಡೆ ತಿರುಗಿ, ಅದಕ್ಕೇ ಕೇಳಿಸಬೇಕು ಎನ್ನುವಂತೆ ಹಾಡುತ್ತಿದ್ದಳು. ನಾನು ಟೈಪು ಮಾಡುತ್ತಿದ್ದೆ. ಮಾಡುತ್ತಲೇ ತಿದ್ದುತ್ತಿದ್ದೆ. ಅವಳು ಹತ್ತು ಎನ್ನುವ ಕಡೆ ಅತ್ತು ಎನ್ನುತ್ತಿದ್ದಳು. ಹಾಗೇ ಬಿಟ್ಟರೆ ಓದುವವರೆಲ್ಲ ಅಳಬೇಕಾದೀತು. “ನೀನು ಹಾಡ್ತಾ ಹೋಗು ಹೊನ್ನಕ್ಕ, ನಾನು ಶುದ್ಧ ಮಾಡ್ಕೋತೀನಿ” ಅನ್ನುತ್ತಿದ್ದೆ. ಒಳ್ಳೆಯ ಕೆಲಸ ಮಾಡಿದೆ ಎಂಬ ತೃಪ್ತಿ ಇವತ್ತಿಗೂ ಇದೆ.

ಅವಳ ಹಾಡಿಗೆ ಪುಸ್ತಕ ಆಗಲೇ ಇಲ್ಲ, ಅದೊಂದೇ ಕೊರತೆ.

೧೯ ಜೂನ್, ಶನಿವಾರ

ಹಾಸನದ ಬಸ್ಸಿನಲ್ಲಿ ಆಸನ ಸಿಗಲಿಲ್ಲ. ನಿಂತೇ ಹೋದೆ.

ಸಂಹಿತಾ ಅಲ್ಲಿ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ಒಂದು ಕಾಲಕ್ಕೆ ನನ್ನ ಹತ್ತಿರ ಟೈಪಿಂಗ್ ಕಲಿಯಲು ಬಂದು ಕೀಲಿಗಳ ಮೇಲೆ ಕಡಲೆಪುರಿ ಚೆಲ್ಲಿ ಬೈಸಿಕೊಂಡವಳು. ಈಗ ಅವಳ ಮುಂದೆ ನಾನು ಕೈಕಟ್ಟಿ ಕೂತಿದ್ದೆ.

“ಮಿಸ್, ಕಡತದೊಳಗೆ ಅಕ್ಷರ ಇರೋದೇ ಇಲ್ಲ. ಬರೀ ಸಂಖ್ಯೆ. ಯಾವ ಸಂಖ್ಯೆಗೆ ಯಾವ ಅಕ್ಷರ ಅನ್ನೋ ಪಟ್ಟಿ ಬೇರೆ ಕಡೆ ಇರುತ್ತೆ. ನಿಮ್ಮ ಪಟ್ಟಿ ಕಳೆದುಹೋಗಿದೆ.”

“ಹಾಗಿದ್ರೆ ಕಡತ ಬಿಚ್ಚಿ ತೋರಿಸೋ ಈ ಎಡಿಟರ್ ಅನ್ನೋದು ಬೇರೆ ಕಡತ ತೆಗೆದಾಗ ಇದು ಇಂಥ ಪಟ್ಟಿದು ಅಂತ ಹೇಗಮ್ಮ ತಿಳ್ಕೊಳ್ಳುತ್ತೆ?”

“ತಿಳ್ಕೊಳ್ಳಲ್ಲ ಮಿಸ್. ಊಹೆ ಮಾಡುತ್ತೆ.”

ಬಿಡಿಸಿ ಹೇಳಿದಳು. ಮೊದಲು ಕಡತದ ತಲೆಯಲ್ಲಿ ಎರಡು ಮೂರು ಸಂಖ್ಯೆಗಳ ಒಂದು ಗುರುತು ಇದೆಯೇ ನೋಡುತ್ತದೆ. ಇದ್ದರೆ ಅಲ್ಲಿಗೇ ಮುಗಿಯಿತು, ಇದು ಎಲ್ಲ ಭಾಷೆಗೂ ಒಂದೇ ಪಟ್ಟಿಯಾದ ಯೂನಿಕೋಡು. ಇಲ್ಲದಿದ್ದರೆ ಒಳಗಿನ ನಡವಳಿಕೆ ನೋಡುತ್ತದೆ: ಇಂಥ ಸಂಖ್ಯೆಯ ಬೆನ್ನಿಗೆ ಇಂಥದ್ದೇ ಬರಬೇಕು ಎಂಬ ನಿಯಮ ಎಲ್ಲ ಕಡೆ ನಡೆದಿದೆಯೇ ಎಂದು. ಒಂದು ಕಡೆ ತಪ್ಪಿದರೂ ಅಲ್ಲ ಎನ್ನುತ್ತದೆ. ಆಮೇಲೆ, ಜಾಣ ಎಡಿಟರಾದರೆ, ಯಾವ ಸಂಖ್ಯೆ ಎಷ್ಟು ಸಲ ಬಂದಿದೆ, ಯಾವುದರ ಪಕ್ಕ ಯಾವುದು ಕೂತಿದೆ ಎಂದು ಎಣಿಸಿ ತನಗೆ ಗೊತ್ತಿರುವ ಭಾಷೆಗಳಿಗೆ ಹೋಲಿಸುತ್ತದೆ. ಅದೂ ಆಗದಿದ್ದರೆ ಆ ಯಂತ್ರಕ್ಕೆ ಯಾವ ಪಟ್ಟಿ ರೂಢಿಯೋ ಅದನ್ನೇ ಹಾಕಿ ತೋರಿಸಿಬಿಡುತ್ತದೆ. ನನಗೆ ಕಂಡ ಟೋಪಿ ಹಾಕಿದ ಅಕ್ಷರಗಳು ಅದೇ.

ನನಗೆ ಚೆನ್ನಾಗಿ ಅರ್ಥವಾಯಿತು. ಬಸ್ಸಿನಲ್ಲಿ ಪಕ್ಕ ಕೂತವರು ಯಾರ ಪೈಕಿ ಎಂದು ನಮ್ಮೂರಿನವರು ಪತ್ತೆ ಮಾಡುವುದೂ ಹೀಗೆಯೇ. ಮೊದಲು ಹಣೆ ನೋಡುತ್ತಾರೆ. ಹಣೆ ಬರಿದಾಗಿದ್ದರೆ ಮಾತಾಡಿಸಿ ಮಾತು ನೋಡುತ್ತಾರೆ. ಅದರಲ್ಲೂ ತಿಳಿಯದಿದ್ದರೆ ನಮ್ಮವರೇ ಇರಬೇಕೆಂದು ನಮ್ಮವರ ಸುದ್ದಿಯನ್ನೆಲ್ಲ ಹೇಳಿಬಿಡುತ್ತಾರೆ.

“ಇದಕ್ಕೆ ಯೋಗಾನರಸಿಂಹ ಅವರ ಪಟ್ಟಿ ಗೊತ್ತಿಲ್ಲ, ಕನ್ನಡಾನೂ ಗೊತ್ತಿಲ್ಲ ಮಿಸ್. ನಿಮಗೆ ಕನ್ನಡ ಗೊತ್ತಲ್ಲ, ನೀವೇ ಊಹೆ ಮಾಡಿ,” ಎಂದು ಕಡತವನ್ನು ಬರೀ ಸಂಖ್ಯೆಗಳಾಗಿ ಅಚ್ಚು ತೆಗೆದು ಕೊಟ್ಟಳು. ಅರವತ್ತು ಹಾಳೆ. ಕಾಫಿಯನ್ನೂ ಕೊಟ್ಟಳು. ಹಳೇ ಕಡಲೆಪುರಿಯನ್ನು ಮನ್ನಿಸಿದೆ.

೨೩ ಜೂನ್

ಎಡಿಟರಿನಲ್ಲಿದ್ದ ಪಟ್ಟಿಗಳನ್ನೆಲ್ಲ ಒಂದೊಂದಾಗಿ ಹಾಕಿ ನೋಡಿದೆ. ಒಂದರಲ್ಲಿ ಪರದೆ ತುಂಬ ಚೀನೀ ಅಕ್ಷರ. ಇವರು ಊಟಕ್ಕೆ ಕರೆಯಲು ಬಂದು ಇಣುಕಿದರು. “ಏನೇ, ಚೀನಾದಲ್ಲಿ ಸಂಬಂಧ ನೋಡ್ತಿದ್ದೀಯಾ?” ತಾಲ್ಲೂಕು ಆಫೀಸಿನ ಗುಮಾಸ್ತರ ಹಾಸ್ಯ, ಮೂರು ಪ್ರತಿಯಲ್ಲಿ ಬರುತ್ತದೆ.

ಚೀನಾ, ಜಪಾನಾ, ಎಲ್ಲ ನೋಡಿದೆ ನಾ.

೧ ಜುಲೈ, ಗುರುವಾರ

ಸಿಕ್ಕಿತು! ಎಲ್ಲ ಅಲ್ಲ, ಒಂದು ಪದ.

ಅರವತ್ತು ಹಾಳೆಯಲ್ಲಿ ಒಂದೇ ನಾಲ್ಕು ಸಂಖ್ಯೆಗಳ ಗುಂಪು ಸಾಲಿನ ಮೊದಲಲ್ಲಿ ಒಂಟಿಯಾಗಿ ಮತ್ತೆ ಮತ್ತೆ ಕೂತಿದೆ. ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಹೋದೆ. ಎಣಿಸಿದರೆ ನಲವತ್ತೆರಡು. ‘ಹಾಡು’! ಪ್ರತಿ ಹಾಡಿನ ತಲೆಯ ಮೇಲೆ ಹಾಡು ೧, ಹಾಡು ೨ ಎಂದು ಹಾಕಿದ್ದವಳು ನಾನೇ. ಹ ಒಂದು, ದೀರ್ಘ ಒಂದು, ಡ ಒಂದು, ಕೊಂಬು ಒಂದು. ಮೊದಲ ಪುಟದ ಒಂಟಿ ಪದ ‘ಹೊನ್ನಕ್ಕ’ ಆಗಿರಲೇಬೇಕು. ಅಲ್ಲಿಂದ ನ, ಕ, ಅವುಗಳ ಒತ್ತು. ಬೇಳೆಗಿಟ್ಟ ನೀರು ಆರಿ ಪಾತ್ರೆ ಹೊತ್ತಿಹೋಯಿತು. ಇವರು ಮೊಸರನ್ನ ತಿಂದರು.

ಬೇಳೆ ಸೀದರೇನಂತೆ, ನಾಳೆ ಬೇಯುವುದಂತೆ.

೮ ಜುಲೈ, ಗುರುವಾರ

ಒಂದು ವಾರ ಒಂದೇ ಒಂದು ಹೊಸ ಅಕ್ಷರ ದಕ್ಕಲಿಲ್ಲ. ಆ ಹಾಡುಗಳ ಒಂದು ಸಾಲೂ ನನಗೆ ನೆನಪಿಲ್ಲ. ಟೈಪು ಮಾಡುವವರ ಕಿವಿಯಿಂದ ಮಾತು ನೇರ ಬೆರಳಿಗೆ ಹೋಗುತ್ತದೆ, ತಲೆಯಲ್ಲಿ ಇಳಿದುಕೊಳ್ಳುವುದಿಲ್ಲ.

ಇವತ್ತು ಒಬ್ಬರ ಮದುವೆ ಪತ್ರಿಕೆಗೆ ಪದ್ಯ ಹೊಸೆಯುತ್ತಿದ್ದೆ. ಎರಡನೇ ಅಕ್ಷರಕ್ಕೆ ಪ್ರಾಸ ಹುಡುಕುತ್ತಿದ್ದವಳು ಪೆನ್ನು ಕೆಳಗಿಟ್ಟೆ. ಹೊನ್ನಕ್ಕನವು ಮೂರು ಸಾಲಿನ ಪದಗಳು. ನಮ್ಮಲ್ಲಿ ಪ್ರಾಸ ಇರುವುದು ಸಾಲಿನ ಕೊನೆಯಲ್ಲಲ್ಲ, ಆರಂಭದಲ್ಲಿ; ಮೂರು ಸಾಲಿಗೂ ಎರಡನೇ ಅಕ್ಷರ ಒಂದೇ ಆಗಬೇಕು. ಅಂದರೆ ಮೂರು ಸಾಲಿನ ಎರಡನೇ ಜಾಗದಲ್ಲಿ ಒಂದೇ ಸಂಖ್ಯೆ ಬರಬೇಕು. ಯಾವ ಎಡಿಟರಿಗೆ ಗೊತ್ತು ಈ ನಿಯಮ?

ಓಡಿಹೋಗಿ ಹಾಳೆ ಹರಡಿದೆ. ಮೊದಲ ಹಾಡು. ಒಂದನೇ ಸಾಲಿನ ಎರಡನೇ ಜಾಗ: ೧೭೮, ೨೦೩. ಎರಡನೇ ಸಾಲು: ೧೭೮, ೨೦೩. ಎರಡು ಸಾಲು ನೋಡಿದ್ದೇ ಸಂಹಿತಾಗೆ ಫೋನು ಮಾಡಿ ಕೂಗಿದೆ. “ಮಿಸ್, ನಿಧಾನ,” ಅಂದಳು.

ಬಿ.ಎ.ಯಲ್ಲಿ ಛಂದಸ್ಸು ಓದಿ ಏನು ಬಂತು ಎಂದು ಕೇಳುತ್ತಿದ್ದ ಅತ್ತೆ ಬದುಕಿರಬೇಕಿತ್ತು.

೧೦ ಜುಲೈ

ಮೂರನೇ ಸಾಲಿನಲ್ಲಿ ೧೭೮ ಇಲ್ಲ.

ಇದೊಂದರಲ್ಲಿ ಅಲ್ಲ, ಹದಿನೇಳು ಹಾಡುಗಳಲ್ಲಿ ಎರಡು ಸಾಲು ಕೂಡಿ ಇನ್ನೊಂದು ಮುರಿದಿದೆ. ಯೋಗಾನರಸಿಂಹರು ಒಂದೇ ಅಕ್ಷರಕ್ಕೆ ಎರಡೆರಡು ಸಂಖ್ಯೆ ಕೊಟ್ಟಿದ್ದರೋ ಏನೋ. ಇಲ್ಲವೇ ಹೊನ್ನಕ್ಕನೇ ಪ್ರಾಸ ತಪ್ಪಿರಬೇಕು. ಓದು ಬರಹ ಇಲ್ಲದವಳು, ಅವಳಿಗೇನು ಗೊತ್ತು. ಯಾವುದನ್ನೂ ನಂಬುವ ಹಾಗಿಲ್ಲ. ಪ್ರಾಸ ಹಿಡಿದು ಕೂಡಿಸಿದ ಅಕ್ಷರಗಳನ್ನೆಲ್ಲ ರಬ್ಬರಿನಿಂದ ಅಳಿಸಿದೆ.

ಮಂಚಯ್ಯ ಫೋನು ಮಾಡಿದ್ದ. “ಸಿಕ್ತಾ ಮೇಡಂ? ಅವ್ವ ನಿನ್ನೆ ಎರಡನೇ ಸಾಲ್ಗೇ ನಿಂತ್ಬುಡ್ತು.”

೧೮ ಜುಲೈ, ಭಾನುವಾರ

ಅರಕಲಗೂಡಿಗೆ ಬಸ್ಸು, ಅಲ್ಲಿಂದ ಮಂಚಯ್ಯನ ಸ್ಕೂಟರು. ನನ್ನ ಲೆಕ್ಕಾಚಾರ ಇಷ್ಟೇ: ಮೊದಲ ಹಾಡಿನ ಎರಡೇ ಸಾಲು ಅವಳ ಬಾಯಿಂದ ಬಂದರೆ ಸಂಖ್ಯೆಯ ಪಕ್ಕ ಅಕ್ಷರ ಇಟ್ಟು ನೋಡಬಹುದು.

ಹೊನ್ನಕ್ಕ ಜಗಲಿಯ ಮೇಲೆ ಅವರೆಕಾಳು ಆರಿಸುತ್ತ ಕೂತಿದ್ದಳು. ಸಣ್ಣಗಾಗಿದ್ದಾಳೆ. ನನ್ನನ್ನು ನೋಡಿ, “ಪೆಟ್ಟಿಗೆ ತಂದ್ಯೇನವ್ವ?” ಅಂದಳು. ನನ್ನ ಕೈಯಲ್ಲಿ ಹಾಳೆಯ ಕಟ್ಟು ಮಾತ್ರ.

“ಪೆಟ್ಟಿಗೆಗೆ ಕೀಲಿ ಬೇಕು ಹೊನ್ನಕ್ಕ. ಮೊದಲನೇ ಹಾಡು ಒಂದೆರಡು ಸಾಲು ಹೇಳು.”

ರಂಜಿನಿ ಅಜ್ಜಿಯ ಪಕ್ಕ ಬಂದು ಕೂತಳು. ಹೊನ್ನಕ್ಕನ ದನಿ ನಡುಗುತ್ತಿತ್ತು, ಆದರೆ ಎಳೆ ತಪ್ಪಲಿಲ್ಲ.

ಸುತ್ತಲ ಗದ್ದೆಗೆ ವಳೆನೀರು ಅರಿದಾವೆ
ಅತ್ತು ಬೆರಳಿಗೂ ಕೆಸರುಂಗ್ರ ತೊಟ್ಕಂಡು

ನಿಂತುಹೋಯಿತು. ಕೈ ಗಾಳಿಯಲ್ಲಿ ಹುಡುಕಿತು. ರಂಜಿನಿ ಆ ಕೈಯನ್ನು ಹಿಡಿದುಕೊಂಡಳು.

ನಾನು ಹಾಳೆಯ ಮೇಲೆ ಬಗ್ಗಿದ್ದೆ. ಎರಡು ಸಾಲೂ ಕೂಡಿ ಬಂದವು. ೧೭೮, ೨೦೩ ಎಂದರೆ ತ್ತ. ‘ಅತ್ತು’ ಎಂದ ಕಡೆ ಹಾಳೆಯಲ್ಲಿ ಹ ಇದೆ, ಅದು ನನ್ನ ತಿದ್ದುಪಡಿ. ಬ ಸಿಕ್ಕಿತು, ರ ಸಿಕ್ಕಿತು, ಗುಡಿಸು ಸಿಕ್ಕಿತು. ಆ ಅಕ್ಷರಗಳನ್ನು ಹಿಡಿದು ಮೂರನೇ ಸಾಲನ್ನು ಅಲ್ಲೇ ಜೋಡಿಸಿ ಗಟ್ಟಿಯಾಗಿ ಓದಿದೆ:

“ಬರುತೀನಿ ತಾಯಿ ತಡಮಾಡಿ.”

ಒಂಬತ್ತು ವರ್ಷ ಯಾರ ಕಣ್ಣಿಗೂ ಬೀಳದ ಸಾಲು ಬಾಯಿಗೆ ಬಂದಿದೆ ಎಂದು ನಾನು ಉಬ್ಬುತ್ತಿದ್ದೆ. ಹೊನ್ನಕ್ಕ ಕಾಳಿನ ಮೊರ ಪಕ್ಕಕ್ಕೆ ತಳ್ಳಿದರು.

“ಬರುತೀನಿ ಅಂತ ಯಾವೋಳಂದ್ಲು? ಬತ್ತೀನಿ! ಸುತ್ತ, ಅತ್ತು, ಬತ್ತೀನಿ. ‘ಬತ್ತೀನಿ ತಾಯಿ ತಡಮಾಡಿ.’ ಬರುತೀನಿ ಅಂದ್ರೆ ಕಾಲು ಎಡವಾಕಿಲ್ವ? ಓದ್ದೋಳಾಗಿ ಅಷ್ಟೂ ತಿಳೀದಾ ನಿಂಗೆ?”

ಮಂಚಯ್ಯ ನೆಲ ನೋಡಿದ. ರಂಜಿನಿ ನಕ್ಕಳು. ಹೊನ್ನಕ್ಕ ಮೂರು ಸಾಲನ್ನೂ ಮೊದಲಿಂದ, ನಿಲ್ಲದೆ, ಎರಡು ಸಲ ಹಾಡಿದರು.

೨೦ ಜುಲೈ, ಮಂಗಳವಾರ

ಮುರಿದಿದ್ದ ಹದಿನೇಳನ್ನೂ ನೋಡಿದೆ. ಹದಿನೇಳೂ ನನ್ನವೇ.

ಹೊನ್ನಕ್ಕ ಎಲ್ಲೂ ತಪ್ಪಿರಲಿಲ್ಲ. ಯೋಗಾನರಸಿಂಹರೂ ಒಂದಕ್ಕೆ ಒಂದೇ ಸಂಖ್ಯೆ ಕೊಟ್ಟಿದ್ದರು. ಪ್ರಾಸ ಕೂತಿದ್ದ ಪದವನ್ನು ತೆಗೆದು ವ್ಯಾಕರಣ ಕೂರಿಸಿದವಳು ನಾನು. ಪ್ರಾಸವೆಂದರೆ ಪ್ರಾಣ ಬಿಡುವವಳು, ಶುದ್ಧ ಮಾಡುವ ಭರದಲ್ಲಿ ಪ್ರಾಸಕ್ಕೇ ಕೈ ಹಾಕಿದ್ದೇನೆ. ಹಾಕಿದ್ದು ಗೊತ್ತೂ ಆಗಿಲ್ಲ. ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ, ನಾನು ಹೇಗೆ ತಿದ್ದುತ್ತೇನೆ ಎಂಬುದು ನನಗೆ ಗೊತ್ತಲ್ಲ. ‘ಓಯ್ತೀನಿ’ ಇದ್ದರೆ ‘ಹೋಗುವೆನು’ ಮಾಡಿರುತ್ತೇನೆ, ‘ಮಡಗು’ ಇದ್ದರೆ ‘ಇರಿಸು’. ಆ ದಾರಿಯಲ್ಲಿ ಹಿಂದಕ್ಕೆ ನಡೆದರೆ ಅಕ್ಷರದ ಮೇಲೆ ಅಕ್ಷರ ಬಿಚ್ಚಿಕೊಂಡವು. ಸಂಜೆಗೆ ಪಟ್ಟಿ ಪೂರ್ತಿಯಾಯಿತು. ಸಂಹಿತಾಗೆ ಕಳಿಸಿದೆ, ಅವಳು ಅದನ್ನು ಯೂನಿಕೋಡಿಗೆ ತಿರುಗಿಸಿ ಕೊಡುತ್ತಾಳಂತೆ.

ಇವರು, “ಗೆದ್ದೆ ಅನ್ನು,” ಅಂದರು. ಹೂಂ ಅಂದೆ.

೧ ಆಗಸ್ಟ್, ಭಾನುವಾರ

ಇದು ಮೂರನೇ ಭೇಟಿ. ನಾನು ಫ್ಲಾಪಿಯಲ್ಲಿದ್ದ ಹಾಗೆ ಓದುವುದು, ಹೊನ್ನಕ್ಕ ಬೈಯುವುದು, ಅವರು ಬೈದದ್ದನ್ನು ನಾನು ಬರೆದುಕೊಳ್ಳುವುದು. ಹೇಳಿ ಎಂದು ಕೇಳಿದರೆ ಅವರಿಗೆ ನೆನಪು ಬರುವುದಿಲ್ಲ. ತಪ್ಪು ಓದಿದರೆ ತಕ್ಷಣ ಬರುತ್ತದೆ. ನನ್ನ ಫ್ಲಾಪಿಯಲ್ಲಿ ತಪ್ಪಿಗೆ ಬರವಿಲ್ಲ.

“ಇದ್ಯಾವುದವ್ವ ‘ಇರಿಸಿದಳು’? ನಮ್ಮ ಕೇರೀಲಿ ಯಾರೂ ಇರಿಸಾಕಿಲ್ಲ. ಮಡಗ್ತೀವಿ.”

“ಸರಿ, ಹೊನ್ನಕ್ಕ. ನೀವು ಹೇಳಿ.”

ನಲವತ್ತೊಂದು ಹಾಡು ಹೀಗೆ ಬಂದವು. ಊಟಕ್ಕೆ ಮುದ್ದೆ, ಅವರೆಕಾಳಿನ ಸಾರು. ಕೈ ತೊಳೆದು ಬಂದು ಕೊನೆಯದನ್ನು ಓದಿದೆ.

ಬೆಲ್ಲದ ನೀರ ಕೊಡಲಿಲ್ಲ ಬಂದವರಿಗೆ
ಇಲ್ಲ ಅಂದವಳು ನಾನಲ್ಲ ನನ ಮಗನೆ
ಎಲ್ಲ ಬಲ್ಲವನು ನರಸಿಂಹ

“ನರಸಿಂಹ?” ಹೊನ್ನಕ್ಕ ಮಗನ ಕಡೆ ತಿರುಗಿದರು. “ನರಸಿಂಹ ಯಾವಾಗ್ಲಾ ಬಂದ ನನ್ನ ಆಡ್ನೊಳಕ್ಕೆ?”

“ನಂಗೊತ್ತಿಲ್ಲ ಕಣವ್ವ,” ಅಂದರು ಮಂಚಯ್ಯ.

ನನಗೆ ಗೊತ್ತು. ಅವರು ಅಂದು ಹಾಡಿದ ಮೂರನೇ ಸಾಲಿಗೆ ಪ್ರಾಸ ಇರಲಿಲ್ಲ. ಅದು ನನಗೆ ಚುಚ್ಚಿತು. ಅವರು ನೀರು ಕುಡಿಯಲು ಎದ್ದಾಗ ಅದನ್ನು ಅಳಿಸಿ ನಾನೊಂದು ಸಾಲು ಹೊಸೆದು ಹಾಕಿದೆ, ನಮ್ಮೂರ ದೇವರನ್ನೇ ಕರೆದು ಕೂರಿಸಿದೆ. ಎಷ್ಟು ಸಲೀಸಾಗಿ ಕೂತ ಎಂದು ಆ ದಿನ ಮನೆಗೆ ಬಂದು ಇವರಿಗೆ ಹೇಳಿದ್ದೂ ನೆನಪಿದೆ. ಅಳಿಸಿದ ಸಾಲು ಯಾವುದು ಎಂಬುದು ನೆನಪಿಲ್ಲ.

ಇದನ್ನೆಲ್ಲ ಹೇಳಿಬಿಟ್ಟೆ. ಹೊನ್ನಕ್ಕ ಕಣ್ಣು ಮುಚ್ಚಿ ಎರಡು ಸಾಲು ಹಾಡಿದರು, ನಿಂತರು. ಮತ್ತೆ ಹಾಡಿದರು, ನಿಂತರು. ನಾನು ಬೇಕೆಂದೇ ಮತ್ತೆರಡು ಸಲ ನರಸಿಂಹನನ್ನು ಓದಿದೆ. ಬೈದುಕೊಂಡಾದರೂ ಬರಲಿ ಎಂದು. ಬರಲಿಲ್ಲ.

“ಪೆಟ್ಟಿಗೇಲಿ ಮಡಗಿದ್ನಲ್ಲವ್ವ,” ಅಂದರು. ಕೋಪ ಇರಲಿಲ್ಲ. ಅಷ್ಟು ಹೊತ್ತಿನ ಬೈಗುಳವೇ ವಾಸಿ ಅನಿಸಿತು.

ಹೊರಡುವಾಗ ರಂಜಿನಿ, “ನೀವೇ ಒಂದು ಸಾಲು ಹಾಕ್ಬಿಡಿ ಮೇಡಂ, ಪ್ರಾಸ ನಿಮಗೆ ಚೆನ್ನಾಗಿ ಬರುತ್ತಂತಲ್ಲ,” ಅಂದಳು. ಬಸ್ಸಿನಲ್ಲಿ ಕೂತಾಗ ನಾಲ್ಕೈದು ಸಾಲು ತಾವಾಗಿ ಬಂದವು, ಒಳ್ಳೆಯವೇ. ಬರೆದುಕೊಳ್ಳಲಿಲ್ಲ. ಅಂಗಡಿಗೆ ಬಂದು ಆ ಜಾಗದಲ್ಲಿ ಚುಕ್ಕಿ ಹಾಕಿದೆ.

೧೧ ಆಗಸ್ಟ್, ಬುಧವಾರ

ಹತ್ತು ಗಂಟೆಗೆ ಫೋನು. ಮಂಚಯ್ಯನವರು. ಶಾಲೆಗೆ ಹೊರಟವರು ದಾರಿಯ ಬೂತಿನಿಂದ ಮಾಡಿದ್ದಾರೋ ಅಂದುಕೊಂಡೆ. ರಜೆ ಹಾಕಿ ಪಕ್ಕದ ಮನೆಯ ಫೋನಿನಿಂದ ಮಾಡಿದ್ದರು.

“ಮೇಡಂ, ಬಂತು! ಬೆಳಿಗ್ಗೆ ರಂಜಿನಿ ಪಾತ್ರೆ ತೊಳ್ದು ಕಟ್ಟೆ ಮ್ಯಾಲೆ ಬೋರಲಾಕ್ತಿದ್ಲು. ಅವ್ವ ನೋಡ್ತಾ ಕುಂತಿದ್ದದ್ದು ಅಂದ್ಬುಡ್ತು. ಬರ್ಕಳಿ. ‘ಮಡಕೇಯೆ ಬೋರ್ಲು ಮನಗಿತ್ತು.’”

ಬಂದವರಿಗೆ ಬೆಲ್ಲದ ನೀರು ಕೊಡಲಿಲ್ಲ. ಇಲ್ಲ ಅಂದವಳು ನಾನಲ್ಲ. ಮಡಕೆಯೇ ಬೋರಲು ಮಲಗಿತ್ತು. ಬರೆದುಕೊಂಡ ಸಾಲಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿಕೊಂಡೆ.

“ಮೇಡಂ, ಅದೀರಾ? ಪ್ರಾಸ ಕೂರಾಕಿಲ್ಲ ಅಲ್ವಾ. ಬೆಲ್ಲ, ಇಲ್ಲ ಅಂದ್ಮೇಲೆ ಮಡಕೆ ಬಂದದೆ. ನೀವೇ ಒಸಿ ಸರಿ ಮಾಡ್ಕಳಿ.”

“ಅಮ್ಮ ಮಡಕೇಯೆ ಅಂದ್ರಾ, ಮಡಕೇನೆ ಅಂದ್ರಾ?”

“ಅಯ್ಯೋ, ಎಲ್ಡೂ ಒಂದೇಯ ಮೇಡಂ.”

“ಕೇಳ್ಕೊಂಡು ಬನ್ನಿ. ಕಾಯ್ತೀನಿ.”

ರಿಸೀವರ್ ಕೆಳಗಿಟ್ಟ ಸದ್ದು. ದೂರದಲ್ಲಿ ಕೋಳಿ. ಜೆರಾಕ್ಸಿಗೆ ಬಂದವರೊಬ್ಬರು ಪಹಣಿ ಹಿಡಿದು ನಿಂತಿದ್ದರು. ಕೈಸನ್ನೆ ಮಾಡಿ ಕೂರಿಸಿದೆ. ಬಹಳ ಹೊತ್ತಾಯಿತು. ಆಮೇಲೆ ಏದುಸಿರು.

“ಮಡಕೇಯೆ ಅಂತೆ. ಇನ್ನೊಂದ್ಸಲ ತೆಪ್ಪು ಬರ್ದ್ರೆ ಬಸ್ಸತ್ತಿ ಬಂದು ನೋಡ್ಕತೀನಿ ಅಂತದೆ ಮೇಡಂ.”

ಚುಕ್ಕಿಗಳನ್ನು ಅಳಿಸಿ, ಅವರು ಅಂದ ಹಾಗೆಯೇ ಟೈಪು ಮಾಡಿದೆ.